ನಾಲೆಗೆ ನೀರು ಬಿಟ್ಟರು, ನಾವು ಮನೆ ಬಿಟ್ಟೆವು

ಬಾಡಿಗೆ ಮನೆ ನೋಡುವುದರಲ್ಲಿ ನಾನು ಬಲು ಜಾಣೆ ಎಂಬ ಭ್ರಮೆ ಹೋದ ಬೇಸಿಗೆಯವರೆಗೂ ನನಗಿತ್ತು. ಪೂರ್ತಿ ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡ ಅಂತ ಕಾನ್ವೆಂಟಿನಲ್ಲಿ ಸಿಸ್ಟರು ಕಲಿಸಿದ್ದರಲ್ಲ! ಯಜಮಾನರಿಗೆ ಪಾಂಡವಪುರಕ್ಕೆ ವರ್ಗವಾದಾಗ, ಹನ್ನೊಂದು ತಿಂಗಳ ಕರಾರನ್ನು ಎರಡು ಸಲ ಓದಿ, ಇಂಕ್ ಪೆನ್ನಿನಲ್ಲಿ ದುಂಡಗೆ ಸಹಿ ಮಾಡಿದೆ. ಪಕ್ಕದಲ್ಲಿ ಮನೆಯೊಡತಿ ಪುಟ್ಟತಾಯಮ್ಮ ಹೆಬ್ಬೆಟ್ಟು ಒತ್ತಿದರು. ಆ ಹೆಬ್ಬೆಟ್ಟಿನ ಪಕ್ಕ ನನ್ನ ಸಹಿ ಎಷ್ಟು ಚಂದ ಕಾಣುತ್ತದೆ ಅಂತ ಒಂದು ಗಳಿಗೆ ನೋಡಿಕೊಂಡದ್ದೂ ನಿಜ.

ನಲ್ಲಿ ತಿರುಗಿಸಿ ನೋಡಿದ್ದೆ, ಚಿಲಕ ಹಾಕಿ ತೆಗೆದಿದ್ದೆ. ಗೋಡೆಗಳಿಗೆ ಬುಡದಿಂದ ಮೊಣಕಾಲುದ್ದ ಗಿಳಿಹಸಿರು ಪೇಂಟು ಬಳಿದಿತ್ತು. "ಸೀರೆಗೆ ಅಂಚಿದ್ದ ಹಾಗಿದೆ, ಎಷ್ಟು ಚಂದ!" ಅಂದೆ. ಏನೋ ಹೇಳಲು ಬಾಯಿ ತೆರೆದ ಪುಟ್ಟತಾಯಮ್ಮ ಸುಮ್ಮನೆ ಸೆರಗು ಸರಿಮಾಡಿಕೊಂಡರು.

ಆಗ ಹಿತ್ತಲ ಹಿಂದಿನ ನಾಲೆ ಒಣಗಿತ್ತು. ಅದರೊಳಗೆ ಆಡುಗಳು ಮೇಯುತ್ತಿದ್ದವು. ಮೂರು ತಿಂಗಳಾದ ಮೇಲೆ, ಆಷಾಢದಲ್ಲಿ, ಕೆ.ಆರ್.ಎಸ್.ನಿಂದ ನೀರು ಬಿಟ್ಟರು. ಊರಿಗೆಲ್ಲ ಸಂಭ್ರಮ. ನಾನೂ ಅರಿಶಿನ ಕುಂಕುಮ ಹಾಕಿ ಕೈಮುಗಿದು ಬಂದೆ. ಗಂಗಮ್ಮ ಅದೆಷ್ಟು ಸಂತೋಷಪಟ್ಟಳೋ, ನಾಲ್ಕನೇ ದಿನ ನಮ್ಮ ಮನೆಗೇ ಬಂದಳು. ಬಾಗಿಲಿಂದಲ್ಲ, ನೆಲದಿಂದ. ನಾನು ಮೆಚ್ಚಿದ ಹಸಿರು ಅಂಚು ಹಪ್ಪಳದಂತೆ ಉಬ್ಬಿ ಉದುರಿತು. ಕರಾರು ಬರೆಯುವವರು ಸುಣ್ಣ, ಮೊಳೆ, ಕರೆಂಟು ಬಿಲ್ಲು ಎಲ್ಲವನ್ನೂ ನೆನೆಯುತ್ತಾರೆ. ನೀರು ಬಿಡುವ ತಿಂಗಳನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಅತ್ತೆಗೆ ಮೊದಲೇ ಉಬ್ಬಸ. ಎದೆಯಲ್ಲಿ ಸಿಳ್ಳೆ ಶುರುವಾಯಿತು. "ಈ ಥಂಡಿಯಲ್ಲಿ ಇವರನ್ನು ಇಟ್ಟುಕೊಳ್ಳಬೇಡಿ" ಅಂದುಬಿಟ್ಟರು ಡಾಕ್ಟರು. ಮನೆ ಬಿಡೋಣವೆಂದರೆ ಕರಾರಿಗೆ ಇನ್ನೂ ಎಂಟು ತಿಂಗಳಿತ್ತು. ಮೇಲಾಗಿ ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲುಕ್ಕಿಸುವವರು ಯಾರು? ನಮಗೆ ಅನುಕೂಲವಾಗುವ ಒಂದು ಸಾಲಾದರೂ ಇದ್ದೀತೆಂದು ಮಂಚದ ಕೆಳಗಿನ ಟ್ರಂಕಿನಿಂದ ಕರಾರು ತೆಗೆದರೆ, ಕಾಗದ ಒದ್ದೆ. ನನ್ನ ದುಂಡು ಸಹಿ ನೀಲಿ ಮೋಡವಾಗಿತ್ತು.

ಜಗಳಕ್ಕೆ ಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಮೇಲಿನ ಬೀದಿಯ ಪುಟ್ಟತಾಯಮ್ಮನ ಮನೆಗೆ ಹೋದೆ. ಅವರು ಕಾಗದ ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು.

"ನೀರು ಬುಟ್ಟಾಗ ಅಂಗೇ ಆಯ್ತದೆ ಕಣವ್ವ. ಅವತ್ತೇ ಯೋಳ್ಬೇಕಂತಿದ್ದೆ. ನೀವು ಅಂಚು ಚಂದ, ಅಂಚು ಚಂದ ಅಂತ ಒಗಳ್ಬುಟ್ರಿ, ನಂಗೆ ಬಾಯೇ ಬರ್ನಿಲ್ಲ."

ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತೇಹೋಯಿತು. "ಅತ್ತೆಗೆ ಉಸಿರಾಡೋಕೇ ಕಷ್ಟ ಪುಟ್ಟತಾಯಮ್ಮ. ಹನ್ನೊಂದು ತಿಂಗಳು ಇರೋಕಾಗಲ್ಲ" ಅಂದೆ.

"ನಾಲೆನೇ ಅಳಸಾಕ್ಬುಟ್ಟದಲ್ಲವ್ವ, ಇನ್ಯಾವ ಕರಾರು? ಶ್ರಾವಣದಲ್ಲಿ ಬೇರೆ ಮನೆ ನೋಡ್ಕಳಿ. ಅಲ್ಲೀಗಂಟ ನಿಮ್ಮತ್ತೆ ನಮ್ಮನೇಲಿರ್ಲಿ, ಇಲ್ಲಿ ನೆಲ ಬೆಚ್ಚಗದೆ. ಎಂಗೂ ಆಸಾಡದಲ್ಲಿ ಅತ್ತೆ ಸೊಸೆ ಒಂದೇ ವಸ್ಲು ದಾಟ್ಬಾರ್ದು!"

ಆ ನಿಯಮ ಹೊಸ ಸೊಸೆಯರಿಗೆ. ನನಗೆ ಮದುವೆಯಾಗಿ ಇಪ್ಪತ್ತಾರು ವರ್ಷ, ಮಂಡಿನೋವು ಬೇರೆ. ಆದರೂ ಆ ಮಧ್ಯಾಹ್ನವೇ ಅತ್ತೆ ದಿಂಬು ಹಿಡಿದು ಹೊರಟರು. ದಿನಾ ಸಂಜೆ ನಾನು ಸಾರಿನ ಡಬ್ಬಿ ಒಯ್ದರೆ ಪುಟ್ಟತಾಯಮ್ಮ ಜಗಲಿಯಿಂದಲೇ ಕೂಗುತ್ತಿದ್ದರು: "ಅಲ್ಲೇ ನಿಂತ್ಕಳವ್ವ ಒಸ ಸೊಸೆ, ವಸ್ಲು ದಾಟ್ಬುಟ್ಟೀಯ!" ಒಳಗಿನಿಂದ ಅತ್ತೆಯ ನಗು. ಮೊದಮೊದಲು ಆ ನಗುವಿನ ಕೊನೆಗೆ ಕೆಮ್ಮು ಬರುತ್ತಿತ್ತು. ಆಮೇಲಾಮೇಲೆ ಬರೀ ನಗು. ಅದನ್ನು ಕೇಳುವುದಕ್ಕೇ ನಾನು ಜಗಲಿಯಲ್ಲಿ ಇನ್ನೊಂದಿಷ್ಟು ಹೊತ್ತು ಕೂರುತ್ತಿದ್ದೆ.

ಶ್ರಾವಣದಲ್ಲಿ ಅದೇ ಊರಿನಲ್ಲಿ ಮಹಡಿ ಮನೆ ಸಿಕ್ಕಿತು. ಉಕ್ಕಿಸಿದ್ದು ಪುಟ್ಟತಾಯಮ್ಮನ ಹಸುವಿನ ಹಾಲನ್ನೇ. ಸಂಕ್ರಾಂತಿ ಹತ್ತಿರ ಬಂದಾಗ ಅವರೇ ಹೊಸಕ್ಕಿ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ನಿಮ್ಮನ್ನ ಓಡ್ಸಿದ ನೀರಲ್ಲೇ ಬೆಳ್ದಿದ್ದು ಕಣವ್ವ, ಉಣ್ಣಿ" ಅಂದರು. ಆ ಅನ್ನಕ್ಕೆ ಅತ್ತೆ ಎರಡು ಸಲ ಸಾರು ಹಾಕಿಸಿಕೊಂಡರು.

ಹಳೆಯ ಕರಾರನ್ನು ಬಿಸಿಲಿಗೆ ಒಣಗಿಸಿ ಇಟ್ಟುಕೊಂಡಿದ್ದೇನೆ. ನನ್ನ ಕಾನ್ವೆಂಟ್ ಸಹಿಯನ್ನು ಈಗ ಯಾರೂ ಓದಲಾರರು. ಪುಟ್ಟತಾಯಮ್ಮನ ಹೆಬ್ಬೆಟ್ಟು ಮಾತ್ರ ಗೆರೆಗೆರೆಯಾಗಿ ಹಾಗೇ ಇದೆ.