ರಜೆಯೆಂದು ನಾವು ಕರೆದದ್ದು

ಕಳೆದ ತಿಂಗಳು ನಮ್ಮ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದೆ. ಮಾರನೆಯ ಬೆಳಿಗ್ಗೆ ಮುಖ ತೊಳೆಯಲು ನೀರು ಬೊಗಸೆಗೆ ತೆಗೆದುಕೊಂಡರೆ ಕ್ಲೋರಿನ್ ವಾಸನೆ ಮೂಗಿಗೆ ಅಡರಿತು. ಹಾಗೇ ಬಚ್ಚಲ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಹೊನ್ನಾವರದಲ್ಲಿ ನಾನು ಕೆಲಸ ಮಾಡುತ್ತಿದ್ದ ಮೀನಿನ ಕಂಪೆನಿಯಲ್ಲಿ, ಶೆಡ್ಡಿನ ಬಾಗಿಲಿಗೆ ಇದೇ ವಾಸನೆಯ ನೀರಿನ ತೊಟ್ಟಿ ಇತ್ತು. ಒಳಗೆ ಹೋಗುವವರೆಲ್ಲ ಅದರಲ್ಲಿ ಕೈ ಅದ್ದಬೇಕು. ಎಲ್ಲರಿಗಿಂತ ಮೊದಲು ಅದ್ದುತ್ತಿದ್ದವಳು ಶೆಡ್ಡಿನ ಅಕ್ಕ...

ಅವಳು ಮಾವಿನಕುರ್ವೆಯವಳು. ನನಗಿಂತ ಚಿಕ್ಕವಳಾದರೂ ಎಲ್ಲರ ಹಾಗೆ ನಾನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಐಸಿನಲ್ಲಿ ಹೂತ ಸಿಗಡಿಯ, ಅವಳ ಬಾಯಲ್ಲಿ ಶೆಟ್ಲಿಯ, ತಲೆ ಮುರಿದು ಸಿಪ್ಪೆ ಸುಲಿಯುವುದು ಅವಳ ಕೆಲಸ. ಟ್ರೇ ಇನ್ನೂ ಮೂರು ಮಾರು ದೂರವಿರುವಾಗಲೇ “ಇದು ಮೊನ್ನೆದು, ವಾಪಸ್ ಕಳ್ಸಿ” ಎನ್ನುತ್ತಿದ್ದಳು. ಡಿಪ್ಲೊಮಾ ಮಾಡಿ ಬಂದ ಕ್ವಾಲಿಟಿ ಚೆಕ್ಕರ್ ಹುಡುಗಿ ರಿಜಿಸ್ಟರಿನಲ್ಲಿ ಬರೆಯುವ ಮೊದಲು ಅಕ್ಕನ ಮುಖ ನೋಡುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಆದರೆ ವರ್ಷಗಟ್ಟಲೆ ಐಸಿನ ನೀರಿನಲ್ಲಿದ್ದು ಅವಳ ಬೆರಳುಗಳು ಸೆಡೆತುಕೊಳ್ಳುತ್ತಿದ್ದವು. ಕುಮಟಾದ ಡಾಕ್ಟರು ತಣ್ಣೀರಿನ ಕೆಲಸ ಬಿಡಲೇಬೇಕು, ಇಲ್ಲವಾದರೆ ಕೈ ಮಡಚಲಿಕ್ಕೆ ಬರುವುದಿಲ್ಲ ಎಂದಿದ್ದರಂತೆ. ಅವಳ ಮಟ್ಟಿಗೆ ನಮ್ಮ ಕಂಪೆನಿಯಲ್ಲಿ ಕೈ ಒದ್ದೆಯಾಗದೆ ಮಾಡುವ ಕೆಲಸ ಒಂದೇ, ಆ ಚೆಕ್ಕರಿನ ಟೇಬಲ್. ಅದಕ್ಕೆ ಸರ್ಟಿಫಿಕೇಟ್ ಬೇಕು.

ನಾನು ಪರ್ಸೊನೆಲ್ ಸೆಕ್ಷನ್ನಿನಲ್ಲಿದ್ದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಇದ್ದದ್ದರಿಂದ ಹೆಡ್ ಆಫೀಸಿನ ಪತ್ರಗಳೆಲ್ಲ ನನ್ನ ಕೈ ದಾಟಿಯೇ ಹೋಗಬೇಕಿತ್ತು. ಸ್ವಲ್ಪ ಜಂಭವೂ ಇತ್ತು, ಯಾಕೆ ಸುಳ್ಳು ಹೇಳಲಿ. ಅಂಥ ಒಂದು ಪತ್ರದಲ್ಲಿ ಹೊಸ ಸ್ಕೀಮ್ ಬಂತು: ಕೆಲಸದಲ್ಲಿದ್ದುಕೊಂಡೇ ಓದುವವರಿಗೆ ಕಂಪೆನಿ ಫೀಸು ಕಟ್ಟುತ್ತದೆ, ಪರೀಕ್ಷೆಗೆ ಸಂಬಳ ಸಹಿತ ರಜೆ ಕೊಡುತ್ತದೆ. ಅದನ್ನು ನಾನೇ ಕನ್ನಡಕ್ಕಿಳಿಸಿ ನೋಟಿಸ್ ಬೋರ್ಡಿಗೆ ಹಚ್ಚಿದೆ.

ಮಧ್ಯಾಹ್ನವೇ ಅಕ್ಕ ಬಂದಳು, ಸೆರಗಿನಲ್ಲಿ ಕೈ ಒರೆಸುತ್ತ. ಇಂಗ್ಲಿಷ್ ಬರುತ್ತದೆಂಬ ಒಂದೇ ಕಾರಣಕ್ಕೆ ನನ್ನನ್ನು ಶಾಲೆಯ ಟೀಚರನ್ನು ಕರೆದಂತೆ ಅಕ್ಕೋರೆ ಎನ್ನುತ್ತಿದ್ದಳು.

“ಅಕ್ಕೋರೆ, ಇದು ನಮ್ಗೂ ಉಂಟಾ? ಇಲ್ಲ ಫ್ಯಾನಿನ ಅಡಿಗೆ ಕೂತವ್ರಿಗೆ ಮಾತ್ರನಾ?”

“ಎಲ್ಲರಿಗೂ,” ಎಂದೆ. “ಒಂದು ವರ್ಷ ಸರ್ವಿಸ್ ಆಗಿರಬೇಕು, ಅಷ್ಟೇ.”

“ನಂದು ಹನ್ನೊಂದಾತು. ಹತ್ತು ಉಳ್ಸಿ ಒಂದು ಕೊಟ್ರೆ ಸಾಕನಾ?” ಎಂದು ನಕ್ಕಳು.

ಕುಮಟಾದಲ್ಲಿ ಮೀನಿನ ಗುಣಮಟ್ಟದ ಬಗ್ಗೆ ಭಾನುವಾರದ ಕ್ಲಾಸು ನಡೆಯುತ್ತಿತ್ತು. ಹತ್ತನೆಯ ಕ್ಲಾಸು ಪಾಸಾಗಿದ್ದರೆ ಸಾಕು, ಅವಳದು ಆಗಿತ್ತು. ಅವಳ ಅರ್ಜಿಯನ್ನು ಹೆಡ್ ಆಫೀಸಿಗೆ ಕಳಿಸಿ, ಕಂಪೆನಿಯ ಪತ್ರ ಆಮೇಲೆ ಬರುತ್ತದೆಂದು ನಾನೇ ಫೋನಿನಲ್ಲಿ ಹೇಳಿ ಜೂನಿನಲ್ಲಿ ಅವಳನ್ನು ಸೇರಿಸಿದೆ. ಸುರಿಯುವ ಮಳೆಯಲ್ಲಿ ಅವಳು ಬಸ್ಸು ಹಿಡಿದು ಹೋಗುತ್ತಿದ್ದಳು. ಬ್ಯಾಕ್ಟೀರಿಯಾದ ಹೆಸರುಗಳನ್ನು ಬಾಯಿಪಾಠ ಮಾಡಿ, ನನ್ನ ಮನೆಗೆ ಬಂದು ಒಪ್ಪಿಸುತ್ತಿದ್ದಳು. “ಹೆಸ್ರು ಈಗ ಗೊತ್ತಾತು, ವಾಸ್ನೆ ಮೊದ್ಲೇ ಗೊತ್ತಿತ್ತು.”

ಸೆಪ್ಟೆಂಬರಿನಲ್ಲಿ ಹೆಡ್ ಆಫೀಸಿನಿಂದ ಉತ್ತರ ಬಂತು. ನಾಟ್ ಎಲಿಜಿಬಲ್. ಅರ್ಜಿದಾರಳ ಸರ್ವಿಸ್ ಎರಡು ತಿಂಗಳೂ ಆಗಿಲ್ಲ.

ನಾನು ಎರಡು ಸಲ ಓದಿದೆ. ಆಮೇಲೆ ಅರ್ಥವಾಯಿತು. ಮಳೆಗಾಲದಲ್ಲಿ ಟ್ರಾಲರ್ ಬೋಟುಗಳು ಕಡಲಿಗಿಳಿಯುವಂತಿಲ್ಲ. ಜೂನ್ ಬಂದ ಕೂಡಲೇ ಶೆಡ್ಡು ಮುಚ್ಚಿ ಹೆಂಗಸರೆಲ್ಲ ತಮ್ಮ ಕೆಲಸದ ಕಾರ್ಡು ನನ್ನ ಟೇಬಲ್ಲಿನ ಮೇಲಿಟ್ಟು ಹೋಗುತ್ತಿದ್ದರು, ಆಗಸ್ಟಿನಲ್ಲಿ ಹೊಸ ಕಾರ್ಡು ಕೊಡುತ್ತಿದ್ದೆವು. ನಾವೆಲ್ಲ ಅದಕ್ಕೆ ಮಳೆಗಾಲದ ರಜೆ ಎನ್ನುತ್ತಿದ್ದೆವು. ಅವರೂ, ನಾನೂ. ಕಾಗದದ ಮೇಲೆ ಅದು ರಜೆಯಾಗಿರಲಿಲ್ಲ. ಪ್ರತಿ ಜೂನಿನಲ್ಲಿ ಅವಳನ್ನು ಕೆಲಸದಿಂದ ತೆಗೆದು, ಪ್ರತಿ ಆಗಸ್ಟಿನಲ್ಲಿ ಹೊಸಬಳೆಂದು ಸೇರಿಸಿಕೊಳ್ಳಲಾಗುತ್ತಿತ್ತು. ಹೊಸ ಕಾರ್ಡಿನ ಮೇಲೆ ಹೊಸ ತಾರೀಖು ಬರೆಯುತ್ತಿದ್ದದ್ದು ನಾನು, ನೀಟಾಗಿ, ಕಾನ್ವೆಂಟಿನ ಕರ್ಸಿವ್ ಅಕ್ಷರದಲ್ಲಿ. ಆ ಒಂದು ವರ್ಷದ ಸರ್ವಿಸ್ ಎಲ್ಲೂ ಮುರಿದಿರಬಾರದು ಎಂಬ ಸ್ಕೀಮಿನ ಸಾಲನ್ನೂ ನಾನೇ ಕನ್ನಡಕ್ಕೆ ಇಳಿಸಿದ್ದೆ. ಒಂದನ್ನೊಂದು ತಾಳೆ ಹಾಕುವ ಬುದ್ಧಿ ನನಗೆ ಬರಲಿಲ್ಲ. ಶೆಡ್ಡಿನ ಒಬ್ಬಳಿಗೂ ಎಂದೆಂದಿಗೂ ಸಿಗಲಾರದ ಸ್ಕೀಮನ್ನು ಎಲ್ಲರಿಗೂ ಎಂದು ಹೇಳಿದ್ದೆ...

ಮೂರು ಪತ್ರ ಬರೆದೆ. ಮೂರಕ್ಕೂ ಅದೇ ಉತ್ತರ. ಮ್ಯಾನೇಜರ್ ಹತ್ತಿರ ಹೋದರೆ, ಇದೇ ಸ್ಕೀಮಿನಲ್ಲಿ ಎಂಬಿಎ ಓದುತ್ತಿದ್ದ ಆ ಮಹಾನುಭಾವ, “ರೂಲ್ ನಾನು ಮಾಡಿದ್ದಲ್ಲ ಮೇಡಂ” ಎಂದು ಪುಸ್ತಕ ಮಡಚಿಟ್ಟ.

ಅವಳಿಗೆ ಹೇಳಿದಾಗ ಮೊದಲು ನಂಬಲಿಲ್ಲ. “ಹಂಗಾರೆ ಹನ್ನೊಂದು ವರ್ಷ ಶೆಟ್ಲಿ ಸುಲಿದದ್ದು ಯಾರಂತೆ? ನನ್ನ ಅತ್ತೆಯಾ?”

ಫೀಸು ನಾನು ಕಟ್ಟುತ್ತೇನೆ ಎಂದೆ.

“ಫೀಸು ಹೆಂಗಾದ್ರೂ ಆಗ್ತದೆ ಅಕ್ಕೋರೆ. ರಜೆ ಯಾರು ಕೊಡ್ತ್ರು?”

ಪ್ರಾಕ್ಟಿಕಲ್ ಪರೀಕ್ಷೆ ಅಕ್ಟೋಬರಿನಲ್ಲಿ, ಎರಡು ವಾರ. ಬೋಟುಗಳು ತುಂಬಿ ಬರುವ ಸಮಯ ಅದು. ಕಾರ್ಡಿನವರಿಗೆ ರಜೆಯೇ ಇಲ್ಲ, ಮೂರು ದಿನ ತಪ್ಪಿಸಿದರೆ ಕಾರ್ಡೇ ರದ್ದು. ಅವಳ ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಮಗ ಇನ್ನೂ ಶಾಲೆಯಲ್ಲಿದ್ದ. ಅವಳು ಪರೀಕ್ಷೆಗೆ ಹೋಗಲಿಲ್ಲ.

ಆ ದಿನ ಬಾಗಿಲ ತನಕ ಹೋದವಳು ತಿರುಗಿ, “ಕಾರ್ಡಿಗೆ ತಾರೀಖು ಬರೆಯೂದು ನೀವೇ ಅಲ್ಲನಾ?” ಎಂದು ಕೇಳಿದಳು. ಬಯ್ದದ್ದಲ್ಲ. ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇನ್ನೆರಡು ವರ್ಷ ಐಸಿನ ನೀರಿನಲ್ಲೇ ಇದ್ದಳು. ಮೂರನೆಯ ಆಗಸ್ಟಿನಲ್ಲಿ ಕಾರ್ಡಿಗೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ. ಯಾವ ಮುಖ ಹೊತ್ತು ಹೋಗುವುದು...

ಬಾವಿಯ ನೀರು ಮೂಸಿದ ಆ ವಾರವೇ, ಇಷ್ಟು ವರ್ಷಗಳ ಮೇಲೆ, ಮಾವಿನಕುರ್ವೆಗೆ ಹೋದೆ. ತಪ್ಪಾಯಿತೆಂದು ಒಂದು ಸಾರಿ ಹೇಳಬೇಕೆಂದಿತ್ತು, ಅಷ್ಟೇ. ಅವಳ ಸೊಸೆ ಬಾಗಿಲು ತೆರೆದಳು; ಮೀನಿನ ಕಂಪೆನಿಯಲ್ಲಿದ್ದವಳು ಎಂದೆ. ಅತ್ತೆ ತೀರಿಕೊಂಡು ಎರಡು ವರ್ಷವಾಯಿತಂತೆ.

“ನೀವು ಆಫೀಸಿನ ಅಕ್ಕೋರಲ್ಲನ್ರಾ? ಕಡೆಕಡೆಗೆ ಅವ್ರಿಗೆ ಅನ್ನ ಕಲಸೂಕೂ ಬೆರಳು ಬಗ್ತಿರ್ಲಿಲ್ಲ. ಚಮಚದಲ್ಲೇ ಉಣ್ತಿದ್ರು. ‘ನೋಡೇ, ನಾನೂ ಅಕ್ಕೋರ ಹಂಗೆ ಆದೆ’ ಅಂತ ನಗಾಡ್ತಿದ್ರು.”

ಕಂಪೆನಿಯ ಕ್ಯಾಂಟೀನಿನಲ್ಲಿ ಚಮಚದಲ್ಲಿ ಊಟ ಮಾಡುತ್ತಿದ್ದವಳು ನಾನೊಬ್ಬಳೇ.

ಉಣ್ಣದೆ ಕಳಿಸುವುದಿಲ್ಲವೆಂದು ಅವಳು ಹಟ ಹಿಡಿದಳು. ಗಂಜಿ ಅನ್ನ, ಮೀನಿನ ಸಾರು, ತಟ್ಟೆಯ ಪಕ್ಕದಲ್ಲಿ ತೊಳೆದಿಟ್ಟ ಚಮಚ. ನಾನು ಅದನ್ನು ಮುಟ್ಟದೆ ಕೈಯಲ್ಲೇ ಕಲಸಿದೆ. ನನ್ನ ಎಪ್ಪತ್ತಾರು ವರ್ಷದ ಬೆರಳುಗಳು, ಐದೂ ಸಲೀಸಾಗಿ ಮಡಚಿಕೊಂಡವು.