ದೊರೆಸಾನಿ ಒಪ್ಪಿದರೆ ದಿಲ್ಲಿ

ಕೊಪ್ಪಳದ ಮಗ್ಗುಲಿನ ಭಾಗ್ಯನಗರದ ಹೊನ್ನೂರಪ್ಪ ರೈಲ್ವೆ ಗ್ಯಾಂಗಿನಲ್ಲಿ ಸುತ್ತಿಗೆ ಹೊರುವ ಮನುಷ್ಯ. ಅವನು ಕೊಪ್ಪಳದಲ್ಲಿ ಹಳಿಗೆ ಒಂದು ಏಟು ಹಾಕಿದರೆ ಹುಬ್ಬಳ್ಳಿಯಲ್ಲಿ ಸ್ಟೇಷನ್ ಮಾಸ್ತರರ ಚಹಾ ಬಸಿಯೊಳಗೆ ತುಳುಕುತ್ತಿತ್ತಂತೆ. ಇದು ಅವನದೇ ಮಾತು. ಮಾಸ್ತರರು ಅಲ್ಲವೆಂದು ಹೇಳಿದ್ದಿಲ್ಲ, ಯಾಕೆಂದರೆ ಯಾರೂ ಹೋಗಿ ಕೇಳಿದ್ದಿಲ್ಲ. ಇಂಥ ಹೊನ್ನೂರಪ್ಪ ಹುಟ್ಟಿದಾಗಿನಿಂದ ಗಾಲಿಗಳನ್ನು ನೋಡುತ್ತಲೇ ಬೆಳೆದವನು. ಎಂಜಿನ್ನಿನ ಗಾಲಿ, ಗೂಡ್ಸಿನ ಗಾಲಿ, ತಳ್ಳುವ ಟ್ರಾಲಿಯ ಗಾಲಿ. ಎಲ್ಲವೂ ಅವನ ಕಣ್ಣೆದುರೇ ಉರುಳಿಕೊಂಡು ಎಲ್ಲೆಲ್ಲಿಗೋ ಹೋಗುತ್ತಿದ್ದವು. ಅವನು ಮಾತ್ರ ಸುತ್ತಿಗೆ ಹೆಗಲಿಗೇರಿಸಿ ಮನೆಗೆ ಬರುತ್ತಿದ್ದ.

ಎಂಬತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಅವನ ಹೆಂಡತಿ ಹಂಪವ್ವನ ತಮ್ಮ ಕನಕಪ್ಪ ರಜೆಗೆಂದು ತನ್ನೂರು ನವಲಿಗೆ ಬಂದ. ದಿಲ್ಲಿಯಲ್ಲಿ ಮಿಲಿಟರಿ ನೌಕರಿ. ಅಕ್ಕನ ಮನೆಗೆ ಬರುವಾಗ ಒಂದು ಕ್ಯಾಲೆಂಡರ್ ತಂದ. ಅದರ ಮೇಲೆ ದಿಲ್ಲಿಯ ಹೊಸ ಆಟದ ತೋಟ ಅಪ್ಪೂ ಘರ್‌ನ ಚಿತ್ರ, ಚಿತ್ರದ ನಡುವೆ ಒಂದು ಗಾಲಿ. ನಮ್ಮ ಕಡೆಯ ಜಾತ್ರೆಯ ಕಟ್ಟಿಗೆಯ ತೊಟ್ಟಿಲು ಅದರ ಮುಂದೆ ಬುಗುರಿ. ಜನ ಅದರಲ್ಲಿ ಕೂತು ಮೋಡದ ಹೊಟ್ಟೆಗೆ ತಲೆ ತಗುಲಿಸಿಕೊಂಡು ಕೆಳಗೆ ಬರುತ್ತಿದ್ದರು.

"ಈ ಗಾಲಿ ಎಲ್ಲಿಗಿ ಹೋಗತೈತಿ?" ಎಂದ ಹೊನ್ನೂರಪ್ಪ.

"ಎಲ್ಲಿಗೂ ಹೋಗೂದಿಲ್ಲ ಮಾಮಾ. ನಿಂತಲ್ಲೇ ತಿರಗತೈತಿ."

ಎಲ್ಲಿಗೂ ಹೋಗದ ಗಾಲಿಯನ್ನು ಹೊನ್ನೂರಪ್ಪ ಕಂಡಿರಲಿಲ್ಲ. ಅವನ ತಲೆಯೂ ಆ ಗಳಿಗೆಯಿಂದಲೇ ನಿಂತಲ್ಲಿ ತಿರುಗತೊಡಗಿತು. ಕನಕಪ್ಪ, "ನಿಮಗ ಪುಕ್ಕಟ ಪಾಸ್ ಐತಿ. ಬರೂ ಸೋಮವಾರ ನಾ ತಿರುಗಿ ಹೊಂಟೇನಿ. ಎಲ್ಲಾರೂ ನನ್ನ ಕೂಡ ಬರ್ರಿ, ಒಂದ ವಾರ ಇದ್ದು ಬರೀರಂತ" ಎಂದು ಮಾತು ಮುಗಿಸುವುದರೊಳಗೆ ಹೊನ್ನೂರಪ್ಪ ಟ್ರಂಕು ಕೆಳಗಿಳಿಸಿ ಧೂಳು ಜಾಡಿಸುತ್ತಿದ್ದ.

ಸುದ್ದಿ ಸ್ಟೇಷನ್ ಎದುರಿನ ಮಕ್ಬುಲಸಾಬನ ಚಹಾ ಅಂಗಡಿ ಮುಟ್ಟಿತು.

"ದಿಲ್ಲಿಯೊಳಗ ಯಾವ ದೇವರೈತಿ ಹೊನ್ನೂರಣ್ಣ?"

"ದೇವರಿಗಲ್ಲ ಚಾಚಾ. ಸುಮ್ನ ಹೊಂಟೀವಿ."

"ಸುಮ್ನ?"

"ಸುಮ್ನ."

ಮಕ್ಬುಲಸಾಬ ಕೆಟಲಿ ಕೆಳಗಿಟ್ಟ. ಕೋರ್ಟಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು, ಹೆಣ್ಣು ನೋಡಿ ಓಡಿ ಬರುವವರು, ಎಲ್ಲರಿಗೂ ಚಹಾ ಕೊಟ್ಟ ಕೈ ಅದು. ಸುಮ್ಮನೆ ದಿಲ್ಲಿಗೆ ಹೋಗುವವನಿಗೆ ಏನು ಕೊಡಬೇಕೆಂದು ಅದಕ್ಕೆ ತಿಳಿಯಲಿಲ್ಲ. "ಮೈಯಾಗ ಆರಾಮ ಅದೀ ಇಲ್ಲ?" ಎಂದಷ್ಟೇ ಕೇಳಿದ.

ಮನೆಯಲ್ಲಿ ಹೊನ್ನೂರಪ್ಪನ ತಾಯಿ ಯಂಕವ್ವನ ಗೊಂದಲ ಬೇರೆ ಬಗೆಯದು.

"ಅಪ್ಪೂನ ಮನಿ ಅಂದ್ರ ಯಾರ ಮನಿಯೋ? ನಮಗೇನ ಬೀಗರಾಗಬೇಕಾ?"

"ಅದು ಆನಿ ಹೆಸರು ಯವ್ವಾ."

"ಆನಿ ಅಂದ್ರ ಗಣಪ್ಪ! ಮೊದಲ ಹೇಳಬೇಕಿಲ್ಲ ಮೂಳ!"

ಅಷ್ಟು ಸಾಕಾಯಿತು. ದಿಲ್ಲಿಯ ಗಣಪ್ಪನಿಗೆ ಹೊನ್ನೂರಪ್ಪನ ಮನೆಯವರು ಹೋಗುತ್ತಾರೆಂದು ಯಂಕವ್ವ ಓಣಿಗೆಲ್ಲ ಸಾರಿದಳು. ಹೋಗುವವರ ಕೈಯಲ್ಲಿ ತಮ್ಮದೂ ಒಂದು ಕಾಯಿ ಕೊಟ್ಟು ಒಡೆಸುವುದು ನಮ್ಮ ಕಡೆಯ ರೂಢಿ. ಮೊದಲು ಓಣಿಯವರು ಕಾಯಿ ತಂದರು, ಆಮೇಲೆ ಕುಕನೂರಿನಿಂದಲೂ ಬಂದವು. ರಾಶಿ ಎಷ್ಟಾಯಿತೆಂದರೆ ಬಾಗಿಲು ತೆರೆಯಲಾಗದೆ ಮನೆಯವರು ಮಾಳಿಗೆ ಹತ್ತಿ ಬೆಳಕಿಂಡಿಯಿಂದ ಇಳಿದು ಊಟಕ್ಕೆ ಕೂಡುತ್ತಿದ್ದರು.

ಇಷ್ಟೆಲ್ಲ ನಡೆಯುತ್ತಿದ್ದರೂ ಹಂಪವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಕಡೆಗೆ ಅಂದಳು, "ನೀವೆಲ್ಲಾ ಹೋಗಿ ಬರ್ರಿ. ನಾ ಬರೂದಿಲ್ಲ."

"ಯಾಕ?"

ಅವಳು ಗದ್ದವೆತ್ತಿ ಕೊಟ್ಟಿಗೆಯ ಕಡೆ ತೋರಿಸಿದಳು. ಅಲ್ಲಿ ದೊರೆಸಾನಿ ಮೆಲುಕು ಹಾಕುತ್ತಿದ್ದಳು.

ದೊರೆಸಾನಿ ಎಂದರೆ ಎಮ್ಮೆ. ಹಂಪವ್ವನಿಗೆ ತವರಿನಿಂದ ಬಳುವಳಿ ಬಂದದ್ದು. ಹಾಲೇನೋ ಕೆನೆಗಟ್ಟಿ, ಮಕ್ಬುಲಸಾಬನ ಅಂಗಡಿ ನಿಂತದ್ದೇ ಆ ಹಾಲಿನ ಮೇಲೆ. ಆದರೆ ಹಂಪವ್ವನ ಕೈಗಲ್ಲದೆ ಇನ್ನೊಬ್ಬರ ಕೈಗೆ ಒಂದು ಹನಿ ಬಿಡುವವಳಲ್ಲ. ಹಿಂಡದೆ ಬಿಟ್ಟರೆ ಕೆಚ್ಚಲು ಬಾತು ಎಮ್ಮೆಯೇ ಕೈತಪ್ಪಿ ಹೋಗುತ್ತದೆ. ಅದಕ್ಕೇ ಹಂಪವ್ವ ವರ್ಷಗಟ್ಟಲೆ ಒಂದು ರಾತ್ರಿಯೂ ಬೇರೆ ಊರಲ್ಲಿ ಮಲಗಿದವಳಲ್ಲ. ಇದೇ ಕನಕಪ್ಪನ ಮದುವೆಗೆ ನವಲಿಗೆ ಹೋದವಳು ಅಕ್ಕಿಕಾಳು ಹಾಕಿ, ಊಟಕ್ಕೂ ಕೂಡದೆ ಬಸ್ಸು ಹಿಡಿದಿದ್ದಳು.

"ಮಾರಿಬಿಟ್ರ?" ಎಂದ ಹೊನ್ನೂರಪ್ಪ.

"ಮಾರ್ರಿ. ಅದರ ಕೂಡ ನನ್ನೂ ಮಾರ್ರಿ."

ಅವ್ವ ಬಾರದಿದ್ದರೆ ನಾವೂ ಒಲ್ಲೆವೆಂದು ಮಕ್ಕಳಿಬ್ಬರೂ ಗೋಡೆಗೆ ಮುಖ ಮಾಡಿ ಕೂತರು. ಹೀಗೆ ದಿಲ್ಲಿಯ ಪಯಣ ಎಮ್ಮೆಯ ನಾಲ್ಕು ಮೊಲೆಗಳಿಗೆ ಜೋತುಬಿದ್ದಿತು.

ಮೊದಲು ಪಕ್ಕದ ಮನೆಯ ಫಕೀರಮ್ಮ ಬಂದಳು. ಹಂಪವ್ವನ ಸೀರೆ ಉಟ್ಟು, ಹಂಪವ್ವನ ಹಾಗೆಯೇ ಸೆರಗು ಹೊದ್ದು, ತಂಬಿಗೆ ಹಿಡಿದು ಕೂತಳು. ದೊರೆಸಾನಿ ಕತ್ತು ಹೊರಳಿಸಿ ಅವಳನ್ನು ಕಾಲಿನಿಂದ ನೆತ್ತಿಯವರೆಗೆ ಹೆಣ್ಣು ನೋಡಲು ಬಂದ ಬೀಗಿತಿಯಂತೆ ನೋಡಿ, ಒಂದು ಒದ್ದಳು. ತಂಬಿಗೆ ಮಾಳಿಗೆ ದಾಟಿ, ಬೇವಿನ ಮರ ದಾಟಿ, ಅದೇ ಆಗ ಹೊರಟಿದ್ದ ಗೂಡ್ಸ್ ಗಾಡಿಯಲ್ಲಿ ಬಿದ್ದು ಗುಂತಕಲ್ಲಿಗೆ ಹೋಯಿತು.

"ಯಕ್ಕಾ, ನಿನ್ನಕಿಂತ ನಿನ್ನ ತಂಬಿಗಿ ಪುಣ್ಯ ಮಾಡೈತಿ ನೋಡು," ಎಂದಳು ಫಕೀರಮ್ಮ ಸೊಂಟ ಹಿಡಿದುಕೊಂಡು.

ಆಮೇಲೆ ಯಂಕವ್ವ ಹೋದಳು. "ನಾ ಯಾರು ಗೊತ್ತೇನ? ನಿನ್ನ ಒಡತಿಗೇ ಅತ್ತಿ!" ಎಂದಳು. ಎಮ್ಮೆ ಬಾಲ ಬೀಸಿದ ರಭಸಕ್ಕೆ ಅವಳ ಬಾಯೊಳಗಿನ ಎಲೆ ಅಡಿಕೆ ಎದುರು ಗೋಡೆಗೆ ಹಾರಿ ಅಂಟಿಕೊಂಡಿತು. ಮೂರು ಸಲ ಸುಣ್ಣ ಬಳಿದರೂ ಆ ಕೆಂಪು ಹೋಗಿಲ್ಲ.

ಕನಕಪ್ಪ ಮಿಲಿಟರಿಯವನು, ವಿಚಾರ ಮಾಡಿ ಹೇಳಿದ. "ಹಿಂಡೂವಾಗ ಅಕ್ಕ ಏನೋ ಗುಣುಗುಣು ಅಂತಿರತಾಳ ಮಾಮಾ. ಹಾಡಿರಬೇಕು. ಅದ ಕಲತ್ರ ಯಾರರ ಹಿಂಡಬಹುದು."

ಹಂಪವ್ವನನ್ನು ಕೇಳಿದರೆ, "ಹಾಡೂ ಇಲ್ಲ ಗೀಡೂ ಇಲ್ಲ, ಹೋಗ್ರಿ" ಎಂದು ಮುಖ ಕೆಂಪು ಮಾಡಿಕೊಂಡಳು. ಹಾಗಾಗಿ ಮರುದಿನ ಬೆಳಿಗ್ಗೆ ಹೊನ್ನೂರಪ್ಪ ಕೊಟ್ಟಿಗೆಯ ಹಿಂದಿನ ಬಣವೆಯ ಮರೆಯಲ್ಲಿ ಅಡಗಿ ಕೂತು ಕಿವಿ ಕೊಟ್ಟ.

ಅದು ಹಾಡಾಗಿರಲಿಲ್ಲ.

"ನೋಡ ದೊರೆಸಾನಿ, ರೈಲಿನವಗ ಕೊಟ್ರು ನನ್ನ. ಊರೂರು ತಿರಗತಿ ಬಿಡು ಅಂದ್ರು. ಒಂದ ದಿನ ರೈಲ ಹತ್ತಿಸ್ಯಾನೇನ? ಪಾಸ್ ಬಂತಂದ್ರ ತಾನೊಬ್ಬನ ಹುಬ್ಬಳ್ಳಿಗಿ ಹೋಗತಾನ, ಮಿರ್ಚಿ ತಿಂದು ಬರತಾನ. ಬಂದು ಏನಂತಾನ? ಹುಬ್ಬಳ್ಳಿಯೊಳಗ ಭಾಳ ಗದ್ಲ, ನಿನಗ ಹಿಡಸೂದಿಲ್ಲ ಅಂತಾನ. ತಮ್ಮನ ಲಗ್ನದ ಊಟ ನಾ ಕಾಣಲಿಲ್ಲ. ಅವತ್ತ ಇಂವ ಎರಡ ಸಲ ಹೋಳಿಗಿ ನೀಡಿಸಿಕೊಂಡ. ನಿನ್ನ ಹಗ್ಗ ನನ್ನ ಕೈಯಾಗ, ನನ್ನ ಹಗ್ಗ ನಿನ್ನ ಕೊಳ್ಳಾಗ. ಬಿಡು ನಮ್ಮವ್ವಾ, ಬಿಡು..."

ಹಾಲು ಸರ್ರೆಂದು ತಂಬಿಗೆಗೆ ಇಳಿಯಿತು. ಬಣವೆಯ ಹಿಂದೆ ಹೊನ್ನೂರಪ್ಪ ಬಾಯಿ ತೆರೆದವನು ಮುಚ್ಚಲು ಮರೆತ. ಅವನಿಗೆ ಮೊದಲು ಹೊಳೆದದ್ದು: ಎರಡಲ್ಲ, ಮೂರು ಸಲ. ಉಳಿದದ್ದು ಹೊಳೆಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಇಷ್ಟು ವರ್ಷ ಅವನು ಈ ಹಾಲಿನ ಚಹಾವನ್ನೇ ಕುಡಿದಿದ್ದ. ಪ್ರತಿ ಗುಟುಕಿನಲ್ಲೂ ತನ್ನದೇ ಬೈಗುಳ ಬೆರೆತಿತ್ತೆಂದು ನಾಲಿಗೆಗೆ ಗೊತ್ತಾಗಿರಲಿಲ್ಲ.

ಇಂಥ ಮಾತನ್ನು ಫಕೀರಮ್ಮನಿಗೆ ಕಲಿಸುವುದು ಹೇಗೆ? ಮೊದಲು ತಾನೇ ಪರೀಕ್ಷಿಸಿ ನೋಡೋಣ ಎಂದುಕೊಂಡ. ಸಂಜೆ ಹಂಪವ್ವ ನೀರಿಗೆ ಹೋದಾಗ ಅವಳು ಬಿಚ್ಚಿಟ್ಟಿದ್ದ ಇಳಕಲ್ ಸೀರೆ ಸುತ್ತಿಕೊಂಡು, ಮೀಸೆ ಮುಚ್ಚುವಂತೆ ಸೆರಗು ಎಳೆದುಕೊಂಡು, ಎಮ್ಮೆಯ ಮಗ್ಗುಲಿಗೆ ಕೂತ. "ನೋಡ ದೊರೆಸಾನಿ, ರೈಲಿನವಗ ಕೊಟ್ರು ನನ್ನ..." ಎಂದು ಶುರುಮಾಡಿದ. ದೊರೆಸಾನಿ ಒಮ್ಮೆ ತಿರುಗಿ ನೋಡಿದಳು, ಮೂಸಿದಳು, ಕಣ್ಣು ಮುಚ್ಚಿದಳು. ಹಾಲು ಇಳಿಯಿತು. ತಂಬಿಗೆ ತುಂಬಿತು, ಕೊಡ ತುಂಬಿತು, ಬಾನಿ ತುಂಬಿತು. ಇನ್ನಷ್ಟು ಹೊತ್ತು ಬಿಟ್ಟಿದ್ದರೆ ತುಂಗಭದ್ರಾ ಕಾಲುವೆಯವರು ಬಂದು ತೂಬು ಕೂಡಿಸಿ ಹೋಗುತ್ತಿದ್ದರು.

ಕೊಡ ಹೊತ್ತು ಬಂದ ಹಂಪವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತುಬಿಟ್ಟಳು. ಎಮ್ಮೆಯ ಕೆಳಗೆ ತಾನೇ ಕೂತಿದ್ದಾಳೆ. ಹಾಗಾದರೆ ಬಾಗಿಲಲ್ಲಿ ನಿಂತವಳು ಯಾರು? ಅವಳು ತನ್ನ ಮೈ ಮುಟ್ಟಿ ನೋಡಿಕೊಂಡಳು. ಅಷ್ಟರಲ್ಲಿ ಒಳಗಿನ ಹಂಪವ್ವ ಗಂಡಸಿನ ದನಿಯಲ್ಲಿ ಅಂದಳು, "ಎರಡ ಸಲ ಅಲ್ಲ ದೊರೆಸಾನಿ, ಮೂರ ಸಲ ನೀಡಿಸಿಕೊಂಡಾನ ಆ ಹೊಟ್ಟಿಬಾಕ."

ಕೊಡ ಜಾರಿ ನೀರು ಚೆಲ್ಲಿತು. ಇಬ್ಬರು ಹಂಪವ್ವರೂ ಒಬ್ಬರನ್ನೊಬ್ಬರು ನೋಡಿದರು. ಯಾರು ಮೊದಲು ನಾಚಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಫಕೀರಮ್ಮನಿಗೂ ಕಡೆಗೆ ಆ ಮಾತು ಕಲಿಸಿ ನೋಡಿದರು. ಅವಳು "ರೈಲಿನವಗ ಕೊಟ್ರು" ಎನ್ನುವಾಗಲೇ ಬಿದ್ದು ಬಿದ್ದು ನಕ್ಕಳು. ದೊರೆಸಾನಿಗೆ ನಗುವವರನ್ನು ಕಂಡರಾಗದು. ಇನ್ನೊಂದು ತಂಬಿಗೆ ನೆಗ್ಗಿ ಹೋಯಿತು.

ಭಾನುವಾರ ಬಂತು. ಕಾಯಿಗಳನ್ನೆಲ್ಲ ಚೀಲಕ್ಕೆ ತುಂಬಿ ಬಾಗಿಲು ಬಿಡಿಸಿದ್ದರು. ಮಕ್ಬುಲಸಾಬ ಹಾಲು ಒಯ್ಯಲು ಬಂದವನು ಪಂಚಾಯ್ತಿ ಹೇಳಿದ. "ಎಮ್ಮಿ ಒಪ್ಪಿದ್ದು ಇಬ್ಬರನ್ನ. ಒಬ್ಬರು ಹೋದ್ರ ಒಬ್ಬರು ಉಳೀಬೇಕು. ನನ್ನ ಅಂಗಡಿ ಮುಚ್ಚಿಸಬ್ಯಾಡ್ರಪಾ."

"ನೀವ ಹೋಗ್ರಿ," ಎಂದಳು ಹಂಪವ್ವ. "ಗಾಲಿ ಗಾಲಿ ಅಂತ ಕುಣದವರು ನೀವು. ಹುಡುಗರಿಗಿ ನಾ ಹೇಳತೀನಿ."

ಹೊನ್ನೂರಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ. ಗಾಲಿ ಇದ್ದಲ್ಲೇ ಇತ್ತು. ಹೋಗುತ್ತೇನೆ ಎನ್ನಲು ಬಾಯಿ ತೆರೆದರೆ ಹೋಳಿಗೆ ನೆನಪಾಗುತ್ತಿತ್ತು. ಹೋಗುವುದಿಲ್ಲ ಎನ್ನಲು ತೆರೆದರೆ ಮೋಡ ಕಾಣುತ್ತಿತ್ತು. ಹೊರಗೆ ಹೋದ, ಒಳಗೆ ಬಂದ, ಕಾಯಿಯ ಚೀಲ ಎಡವಿ ಮತ್ತೆ ಹೊರಗೆ ಹೋದ. ಕಡೆಗೆ ಬಾಗಿಲಲ್ಲಿ ನಿಂತು ಯಾರ ಮುಖವನ್ನೂ ನೋಡದೆ ಅಂದ,

"ದಿಲ್ಲಿಯೊಳಗ ಭಾಳ ಗದ್ಲ. ನನಗ ಹಿಡಸೂದಿಲ್ಲ. ನೀ ಹೋಗಿ ಬಾ."

ಹಂಪವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ಅವನಿಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಾಗಿರಲಿಕ್ಕಿಲ್ಲ.

ಸೋಮವಾರ ಹಂಪವ್ವ, ಯಂಕವ್ವ, ಮಕ್ಕಳು, ಕನಕಪ್ಪ ಮತ್ತು ತೆಂಗಿನಕಾಯಿ ಚೀಲಗಳು ಗಾಡಿ ಹತ್ತಿದವು. ಭಾರಕ್ಕೆ ಎಂಜಿನ್ ಕೆಮ್ಮಿತು. ಕಿಟಕಿಯಿಂದ ಹಂಪವ್ವ ಕೈ ಬೀಸಿದಳು. ತಾನು ಬಿಗಿದ ಹಳಿಯ ಮೇಲೆ ಹೆಂಡತಿ ಹೋಗುವುದನ್ನು ಹೊನ್ನೂರಪ್ಪ ಅಂದೇ ಮೊದಲು ನೋಡಿದ್ದು. ಪೂರ್ತಿ ನೋಡಲೂ ಆಗಲಿಲ್ಲ. ಹಿಂಡುವ ಹೊತ್ತಾಗಿತ್ತು, ಓಡಿ ಹೋಗಿ ಸೀರೆ ಉಟ್ಟ.

ಅವರು ತಿರುಗಿ ಬಂದ ದಿನ ಓಣಿಯೇ ಅಂಗಳದಲ್ಲಿ ನೆರೆಯಿತು. ಯಂಕವ್ವ ಆ ಗಾಲಿಯ ಬುಡದಲ್ಲಿ ಎಲ್ಲರ ಹೆಸರು ಕೂಗಿ ಕೂಗಿ ಕಾಯಿ ಒಡೆದಿದ್ದಳಂತೆ. ಗಾಲಿ ನಡೆಸುವವನು ಮೊದಲು ಗಾಬರಿಯಾಗಿ, ಆಮೇಲೆ ಕೈ ಮುಗಿದು, ತಾನೂ ಒಂದು ಹೋಳು ತಿಂದನಂತೆ. ಬರುವಾಗ ಗುಂತಕಲ್ ಸ್ಟೇಷನ್ನಿನಲ್ಲಿ ಹಂಪವ್ವ ಒಬ್ಬನ ಕೈಯಲ್ಲಿ ಸೊಟ್ಟ ತಂಬಿಗೆ ಕಂಡು, ಇದು ನಮ್ಮದೇ ಎಂದು ಗಾಡಿ ನಿಲ್ಲಿಸಿ ಜಗಳ ತೆಗೆದು ಅದನ್ನೂ ಕಸಿದು ತಂದಿದ್ದಳು.

ಎಲ್ಲರೂ ಹೋದ ಮೇಲೆ ಹೊನ್ನೂರಪ್ಪ ಮೆಲ್ಲಗೆ ಕೇಳಿದ, "ಗಾಲಿ ಹ್ಯಾಂಗಿತ್ತು?"

"ಮ್ಯಾಲ ಹೋಗತೈತಿ, ಕೆಳಗ ಬರತೈತಿ, ಮತ್ತ ಮ್ಯಾಲ ಹೋಗತೈತಿ. ಯಾಕಂತ ತಿಳೀಲಿಲ್ರಿ. ನಾಕ ಸಲ ಹತ್ತಿದೆ."

"ತಿಳೀದಿದ್ರ ನಾಕ ಸಲ ಯಾಕ ಹತ್ತಿದಿ?"

"ಮುಂದಿನ ಸಲ ತಿಳದೀತು ಅಂತ."

ಸಂಜೆ ಹಂಪವ್ವ ತನ್ನ ಸೀರೆ ಉಟ್ಟು ದೊರೆಸಾನಿಯ ಕೆಳಗೆ ಕೂತಳು. "ನೋಡ ದೊರೆಸಾನಿ, ರೈಲಿನವಗ ಕೊಟ್ರು ನನ್ನ..." ಎಂದಳು. ಮುಂದಿನ ಮಾತು ಬರಲಿಲ್ಲ. ಎರಡು ಸಲ ಕೆಮ್ಮಿದಳು, ಹುಡುಕಿದಳು, ಎಷ್ಟು ತಡಕಿದರೂ ಬೈಗುಳ ಸಿಗಲೊಲ್ಲದು. ಎಮ್ಮೆ ಕಾದು ಕಾದು ಹಾಲು ಮೇಲಕ್ಕೆಳೆದುಕೊಂಡಿತು.

ಬರಿಯ ತಂಬಿಗೆ ಹಿಡಿದು ಹೊರಗೆ ಬಂದು ಹಂಪವ್ವ ಅಂದಳು, "ಏನ್ರೀ, ನೀವ ಉಟಗೊಳ್ರಿ."

ಹೊನ್ನೂರಪ್ಪ ಸೀರೆ ಸುತ್ತಿಕೊಂಡ, ಕೊಟ್ಟಿಗೆಗೆ ಹೋಗಿ ಕೂತ. ಅವಳು ಬಾಗಿಲಿಗೆ ಆತು ನಿಂತು ಕೇಳಿಸಿಕೊಂಡಳು. ಅವನ ಹತ್ತಿರ ಈಗ ಸ್ವಂತ ಸರಕಿತ್ತು.

"ನೋಡ ದೊರೆಸಾನಿ, ನಾಕ ಸಲ ಹತ್ತ್ಯಾಳ ಆಕಿ, ನಾಕ ಸಲ! ನಾ ಇಲ್ಲಿ ಸೀರಿ ಉಟ್ಟ ಕುಂತೀನಿ. ದಿಲ್ಲಿಗಿ ಹೋಗಿ ಬಂದು ನನಗ ಏನ ತಂದ್ಲು ಕೇಳು. ಒಂದು ಸೊಟ್ಟ ತಂಬಿಗಿ..."

ಹಾಲು ಸರ್ರೆಂದು ಆ ಸೊಟ್ಟ ತಂಬಿಗೆಗೇ ಇಳಿಯಿತು.