ಮಂದಿಯ ಹಿತ್ತಲು ಕೊಟ್ಟು ತಂದ ಶಾಂತಿ

ಎರಡನೇ ಮಹಾಯುದ್ಧಕ್ಕೆ ಮೊದಲು ಆದದ್ದು ಇಷ್ಟೇ: ಇಂಗ್ಲೆಂಡಿನ ಪ್ರಧಾನಿ ಮಂದಿಯ ಹಿತ್ತಲನ್ನು ಜರ್ಮನಿಯವನಿಗೆ ಕೊಟ್ಟು, ಶಾಂತಿ ತಂದೆ ಅಂತ ಮನೆಗೆ ಬಂದ. ಹಿತ್ತಲು ಚೆಕ್ ದೇಶದವರದು. ಅವರನ್ನು ಮಾತುಕತೆಗೆ ಕರೆದಿರಲೇ ಇಲ್ಲ. ನಾನು ಕಲಿತದ್ದು ಮೂರನೇ ಇಯತ್ತೆ. ಇದೆಲ್ಲ ಗೊತ್ತಾದದ್ದು ಮೊಮ್ಮಗಳಿಂದ. ಪರೀಕ್ಷೆಗೆ ಅವಳು ಓದುವ ಗಂಟಲಿಗೆ ಇಡೀ ಓಣಿ ಪಾಸಾಗಬೇಕು.

ದಸರೆಯ ಸಂಜೆ ಅವಳು ಒಳಗೆ ಅದನ್ನು ಓದುತ್ತಿದ್ದಾಗ ಪಕ್ಕದ ಮನೆಯವನು ಬನ್ನಿ ಹಿಡಿದು ಬಂದ. ಅವನ ಹಿತ್ತಲಿಗೂ ನಮ್ಮದಕ್ಕೂ ನಡುವೆ ಗೋಡೆಯಿಲ್ಲ. ಹೋದ ವರ್ಷ ಕಾರಿಗೆ ಅಡ್ಡವೆಂದು ನಮ್ಮ ಕಟ್ಟೆ ಒಡೆಸಿದ್ದ.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಕಾಕಾ," ಎಂದು ನಮ್ಮ ಮನೆಯವರ ಕೈಗೆ ಎಲೆ ಇಟ್ಟ. "ಹಂಗ ಹಿಂದಿನ ಒಲಿ ಜಾಗಾ ಒಂದು ಬಿಡ್ರಿ. ಕಾರ್ ತಿರುಗಸಾಕ ಆಗವಲ್ದು. ಇನ್ನ ಏನೂ ಕೇಳಂಗಿಲ್ಲ."

ಕಟ್ಟೆ ಕೇಳಿದಾಗಲೂ ಇದನ್ನೇ ಅಂದಿದ್ದ.

ಬನ್ನಿ ತೆಗೆದುಕೊಂಡರೆ ಹಳೆಯ ಸಿಟ್ಟು ಬಿಡಬೇಕು ಅಂತ ಪದ್ಧತಿ. ಹಿತ್ತಲು ಬಿಡಬೇಕು ಅಂತಲ್ಲ. ನಮ್ಮವರಿಗೆ ಆ ವ್ಯತ್ಯಾಸ ಹೊಳೆಯಲಿಲ್ಲ. "ಆತು, ತಗೋಪಾ," ಅಂದರು.

ಅವನು ಹೋದ ಮೇಲೆ ಕೇಳಿದೆ. "ಒಲಿ ಯಾರದ್ರಿ?"

"ಆಕಿದು. ಜಾಗಾ ನಮ್ದಲ್ಲೇನು?"

ಆಕೆ ಅಂದರೆ ಹಿಂದಿನ ಖೋಲಿಯ ಬಾಡಿಗೆಯವಳು, ಗಂಡನಿಲ್ಲದವಳು. ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು ಬದುಕುತ್ತಾಳೆ. ಒಲೆ ಹೋದರೆ ರೊಟ್ಟಿ ಇಲ್ಲ. ರೊಟ್ಟಿ ಇಲ್ಲದಿದ್ದರೆ ಖೋಲಿಯೂ ಇಲ್ಲ.

"ಆಕಿನ್ನ ಕೇಳಿದ್ರೇನು?"

"ಸುಮ್ನಿರ. ನೆರಿಮನಿಯವರ ಕೂಡ ಜಗಳಾಡಿ ಬಾಳೇ ಮಾಡಾಕ ಆಕ್ಕೈತೇನು? ಇನ್ನ ಶಾಂತಿ."

ಒಳಗಿನಿಂದ ಮೊಮ್ಮಗಳು ಕೂಗಿದಳು. "ಅಜ್ಜಾ, ಮುಂದಿನ ಪಾಠ ಓದ್ಲೇನು? ಯುದ್ಧದ್ದು."

"ಬ್ಯಾಡ," ಅಂದರು.

ಬಾಡಿಗೆಯವಳು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೂ ಬೇಸರವಾಗುತ್ತಿತ್ತು.

"ಅಮ್ಮಾರ, ನಾಳೆ ರೊಟ್ಟಿ ಎಲ್ಲಿ ಬಡೀಲ್ರಿ?"

"ಇವತ್ತ ಎಲ್ಲಿ ಬಡದಿ?"

"ಅಲ್ಲೇರಿ."

"ಮತ್ತ ನಾಳೆನೂ ಅಲ್ಲೇ ಬಡಿ."

"ಅಜ್ಜಾರು ಮಾತು ಕೊಟ್ಟಾರಲ್ರಿ?"

"ಅವರು ಕೊಟ್ಟಾರ. ನಾ ಕೊಟ್ಟಿಲ್ಲ."

ಮರುದಿನ ಬೆಳಿಗ್ಗೆ ಒಲೆ ಹೊತ್ತಿಸಿ, ಅವಳೆದುರು ನಾನೂ ಹಿಟ್ಟು ನಾದಿಕೊಂಡು ಕೂತೆ. ಕಾರು ಹತ್ತಿರ ಬಂದು ಹಾರ್ನ್ ಹೊಡೆಯಿತು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ.